ಗಂಟೆಗಳ ಲೆಕ್ಕ

ಶಿವಮೊಗ್ಗ. ನರ್ಸಿಂಗ್ ಶಾಲೆಯ ಮೇಲಂತಸ್ತು.
ಬೊಂಬೆ ರೋಗಿಗೆ ಬೆನ್ನು ಮಾಡಿ ಕೂತು
ಉದ್ದ ಹಾಳೆಯ ನಡುವೆ ಗೆರೆ ಎಳೆದಿದ್ದೇನೆ:
ಎಡಕ್ಕೆ, ಅವರಿಗೆ ಬರುವುದು.
ಬಲಕ್ಕೆ, ಬರಬೇಕಾದ್ದು.
ಈ ಗೆರೆಗೇ ಸುತ್ತೋಲೆಯಲ್ಲಿ ಸೇತು ಎಂದು ಹೆಸರು.

ಆಂಬುಲೆನ್ಸಿನಲ್ಲಿ ಐದು ವರ್ಷ ಸವೆಸಿದವರು
ನೋಂದಾಯಿತ ನರ್ಸ್ ಆಗುವುದಕ್ಕೆ
ಎಷ್ಟು ಗಂಟೆ ಬಿಡಬಹುದು, ಎಷ್ಟು ಬಿಡಬಾರದು?
ಪ್ರಾಂಶುಪಾಲರಿಗೆ ಸೋಮವಾರದೊಳಗೆ ಬೇಕು.

ರಕ್ತನಾಳ ಹುಡುಕುವುದು: ಬಿಟ್ಟೆ.
ಹುಲಿಕಲ್ ಘಾಟಿಯ ತಿರುವಿನಲ್ಲಿ
ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಸೂಜಿ ಕೂರಿಸಿದವನಿಗೆ
ನಾನು ರಬ್ಬರ್ ತೋಳು ಕೊಟ್ಟು ಕಲಿಸುವುದೇ?
ಹೆರಿಗೆ: ಅರ್ಧ ಬಿಟ್ಟೆ.
ಸಫೂರಾ ಮೂರು ಮಾಡಿಸಿದ್ದಾಳೆ,
ಅದರಲ್ಲೊಂದು ಹೊಳೆಬಾಗಿಲಿನ ದಂಡೆಯಲ್ಲಿ.
ಲಾಂಚು ಆಚೆ ದಡದಲ್ಲಿತ್ತು,
ಮಗು ಕಾಯಲಿಲ್ಲ.

ಬಲಗಡೆ ಮಾತ್ರ ಬಿಡಲಾಗದ್ದು ಬಹಳ.
ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು.
ಒಣಗಿದ ತುಟಿಗೆ ಒದ್ದೆ ಹತ್ತಿ.
ಮೂತ್ರದ ಚೀಲದ ಅಳತೆ, ಬಣ್ಣ ಸಮೇತ.
ರಾತ್ರಿ ಮೂರಕ್ಕೆ ಎದ್ದು ಕೂತು
ಬಸ್ಸು ಹೊರಟಿತೇ ಎಂದು ಕೇಳುವ ಮುದುಕನಿಗೆ
ಇನ್ನೂ ಇಲ್ಲ, ಮಲಗಿ, ಎನ್ನುವುದು;
ಮೂರೂವರೆಗೆ ಮತ್ತೆ ಎನ್ನುವುದು.
'ಓಡುವವರಿಗೆ ಕೂರುವುದನ್ನು ಕಲಿಸುವ ಕೋರ್ಸು ಇದು'
ಎಂದು ಬರೆದೆ.
ಚೆನ್ನಾಗಿದೆ ಅನ್ನಿಸಿತು.
ಹೊಡೆದುಹಾಕಿದೆ.

ಯಾಕೆಂದರೆ ಮೊನ್ನೆ ಹಾಲಸ್ವಾಮಿ ಬಂದಿದ್ದ,
ಪಾಳಿ ಮುಗಿಸಿ, ಸಮವಸ್ತ್ರದಲ್ಲೇ,
ಮೊಣಕಾಲ ಮೇಲೆ ಯಾರದೋ ರಕ್ತ, ಒಣಗಿ, ರೂಪಾಯಿಯಗಲ.
ಏನು ಕಲಿಯಬೇಕು ಅನ್ನಿಸುತ್ತೆ, ಕೇಳಿದೆ.
ಔಷಧಶಾಸ್ತ್ರ ಅಂದಾನು, ಐಸಿಯು ಅಂದಾನು,
ಪೆನ್ನು ಹಿಡಿದೇ ಕೂತಿದ್ದೆ.
ಅವನು ಬೆರಳಿನ ನೆಟಿಗೆ ಮುರಿದ.

"ಆಮೇಲೆ ಎಂತಾಯ್ತು ಅಂತ, ಮೇಡಂ.
ಕ್ಯಾಶುಯಾಲ್ಟಿ ಬಾಗಿಲಲ್ಲಿ ಕೊಟ್ಟು
ಸೈನ್ ಹಾಕಿಸಿಕೊಂಡರೆ ನಮ್ಮದು ಮುಗೀತು.
ಸ್ಟ್ರೆಚರ್ ವಾಪಸ್ ಬರ್ತದೆ. ಜನ ಬರೂದಿಲ್ಲ.
ರಿಪ್ಪನ್‌ಪೇಟೆ ಕಡೆಯ ಹುಡುಗ ಒಬ್ಬ,
ಕೊಳಕುಮಂಡಲ ಕಚ್ಚಿದ್ದು,
ದಾರಿಯುದ್ದಕ್ಕೂ ನನ್ನ ಬೆರಳು ಹಿಡಕೊಂಡಿದ್ದ.
ಎರಡು ಸಲ ವಾರ್ಡಿನ ತನಕ ಹೋದೆ.
ನೀವು ಪೇಷಂಟಿನ ಕಡೆಯವರಾ, ಕೇಳಿದರು.
ಅಲ್ಲ ಅಂದೆ."

ಇಪ್ಪತ್ತೆರಡು ವರ್ಷ
ಅದೇ ಬಾಗಿಲಿನ ಒಳಗಿದ್ದವಳು ನಾನು.
ಆ ಪ್ರಶ್ನೆ ಎಷ್ಟು ಜನಕ್ಕೆ ಕೇಳಿದ್ದೇನೋ.
ಹಿಮ್ಮಡಿಗಂಟಿದ ಕೆಮ್ಮಣ್ಣನ್ನು ಸ್ಪಿರಿಟ್ಟಿನಲ್ಲಿ ಒರೆಸಿದ್ದೇನೆ,
ಯಾವ ಊರಿನದೆಂದು ಕೇಳಲಿಲ್ಲ.
ಕಂಬಳಿ ಜೋಲಿಯಲ್ಲಿ ರಸ್ತೆಯ ತನಕ ಹೊತ್ತವರು
ಹೆಗಲು ಬದಲಿಸಿದ್ದು ಎಲ್ಲಿ,
ನೀರು ಕೇಳಿದಾಗ ಕೊಡದೆ ತಡೆದವರು ಯಾರು,
ಕೇಸ್ ಶೀಟಿನಲ್ಲಿ ಅದಕ್ಕೆ ಜಾಗವಿಲ್ಲ.
ಅವನಿಗೆ ಆಮೇಲಿನದು ಗೊತ್ತಿಲ್ಲ,
ನನಗೆ ಮೊದಲಿನದು.

ಗೆರೆಯ ಮೇಲೆಯೇ, ಎರಡೂ ಬದಿಗೆ ಚಾಚಿ, ಬರೆದೆ:
ಮೊದಲ ವಾರ. ಪ್ರತಿ ವಿದ್ಯಾರ್ಥಿಯೂ
ತಾನು ತಂದ ಒಬ್ಬರ ಫೈಲು ಹುಡುಕತಕ್ಕದ್ದು.
ಕೊನೆಯ ಹಾಳೆಯ ತನಕ ಓದತಕ್ಕದ್ದು,
ಅಲ್ಲಿ ಏನೇ ಬರೆದಿರಲಿ.
ಬೋಧಕಿಯರು: ಒಂದು ರಾತ್ರಿ,
ಆಂಬುಲೆನ್ಸಿನ ಹಿಂದೆ, ಅಡ್ಡ ಸೀಟಿನಲ್ಲಿ.

ಗಂಟೆ ಎಂಬ ಅಂಕಣ ಖಾಲಿ ಇದೆ.
ಪ್ರಾಂಶುಪಾಲರು ಕೆಂಪು ಶಾಯಿಯಲ್ಲಿ ಕೇಳಿಯೇ ಕೇಳುತ್ತಾರೆ.

ಇವತ್ತು ಊಟದ ಹೊತ್ತಿಗೆ ದೊಡ್ಡಾಸ್ಪತ್ರೆಯ ದಾಖಲೆ ಕೋಣೆಗೆ ಹೋಗಿದ್ದೆ.
ಗುಮಾಸ್ತ ಗೊಣಗುತ್ತಲೇ ಸ್ಟೂಲು ಹತ್ತಿ, ಧೂಳು ಕೊಡವಿ
ರಿಪ್ಪನ್‌ಪೇಟೆಯ ಹುಡುಗನ ಫೈಲು ಕೊಟ್ಟ.
ದಾರ ಬಿಚ್ಚಿಲ್ಲ. ಹಾಲಸ್ವಾಮಿಯೇ ಬಿಚ್ಚಲಿ.
ಫೋನು ಎತ್ತುತ್ತಿಲ್ಲ ಅವನು, ರಸ್ತೆಯಲ್ಲಿರಬೇಕು.

ನರ್ಸುಗಳಿಗೆ ಗೊತ್ತಿರುವ ಒಂದು ಶಕುನವಿದೆ,
ಯಾವ ಪಠ್ಯದಲ್ಲೂ ಇಲ್ಲ:
ಫೈಲು ತೆಳ್ಳಗಿದ್ದರೆ, ಒಂದೇ ರಾತ್ರಿ.

ಇದು ದಪ್ಪಗಿದೆ.